ಜೇಡನ್ ಅಂದರೆ ಜಯಧನ

ಕೆನಡಾದ ಮಿಲ್ಟನ್ನಿನ ವೇರ್‌ಹೌಸಿನಲ್ಲಿ ಹನ್ನೊಂದು ವರ್ಷದಿಂದ ಶೇಖಪ್ಪನನ್ನು ಎಲ್ಲರೂ ‘ಶೇಕ್ ಅಪ್’ ಅಂತಲೇ ಕರೆಯುತ್ತಿದ್ದರು. ಒಬ್ಬ ಸೂಪರ್‌ವೈಸರಂತೂ ಹಾಗೆ ಕೂಗುತ್ತ ಬಾಟಲಿ ಕುಲುಕಿದ ಹಾಗೆ ಕೈ ಆಡಿಸುತ್ತಿದ್ದ. ಹಾಗಾಗಿ, ಬಸುರಿ ಸೊಸೆ ಮಾಧುರಿ ಹುಟ್ಟುವ ಮಗನಿಗೆ ಮಾವನ ಹೆಸರನ್ನೇ ಇಡುತ್ತೇನೆ ಅಂದಾಗ ಅವನಿಗೆ ಮೊಮ್ಮಗನ ಮುಂದೆ ಕುಲುಕುವ ಕೈಯೇ ಕಂಡಿತು.

“ಬದುಕಿದ್ದೋರ ಹೆಸರ ಇಡಬಾರದವ್ವಾ. ನಾ ಇನ್ನೂ ಹೋಗಿಲ್ಲ,” ಅಂದ.

ಮಾಧುರಿ ಕೇಳಲಿಲ್ಲ. ಹಳೆಯ ಹೆಸರಾದರೆ ಇಡೀ ಕ್ಲಾಸಿನಲ್ಲಿ ಒಬ್ಬನಿಗೇ ಇರುತ್ತದೆ ಎಂಬುದು ಅವಳ ವಾದ.

ಶೇಖಪ್ಪನ ಶಿಫ್ಟಲ್ಲೇ ಇಬ್ಬರ ಮಕ್ಕಳಿಗೆ ಜೇಡನ್ ಅಂತ ಹೆಸರಿತ್ತು. ಯಾರ ನಾಲಿಗೆಯೂ ಅದನ್ನು ಕೆಡಿಸುತ್ತಿರಲಿಲ್ಲ. ಎಲ್ಲಿಂದ ಬಂತು ಎಂದು ಊಟದ ಹೊತ್ತಿನಲ್ಲಿ ವಿಚಾರಿಸಿದ. ಒಬ್ಬ ಬೈಬಲ್ ಅಂದ, ಇನ್ನೊಬ್ಬ ಟಿವಿ ಅಂದ. ಮತ್ತೊಬ್ಬಳು, ಅಮೆರಿಕದಲ್ಲಿ ಏಡನ್, ಹೇಡನ್‌ಗೆ ಪ್ರಾಸವಾಗಿ ಎದ್ದು ನೋಡನೋಡುತ್ತ ಹಬ್ಬಿದ ಹೆಸರು ಅಂದಳು. ಮೂಲವೇ ಗಟ್ಟಿಯಿಲ್ಲ ಅಂದಮೇಲೆ ತಾನೇ ಒಂದು ಮೂಲ ಕೊಟ್ಟರಾಯಿತು ಎಂದು ಶೇಖಪ್ಪನಿಗೆ ಹೊಳೆಯಿತು.

ಮುಂದಿನ ಭಾನುವಾರ ಸ್ಕಾರ್‌ಬರೋದಲ್ಲಿ ಕನ್ನಡದವರ ಕೂಟ. ಹೋಳಿಗೆ ಸಾಲಿನಲ್ಲಿ ನಿಂತು, ಸೊಸೆಗೆ ಕೇಳುವಷ್ಟು ಗಟ್ಟಿಯಾಗಿ, ಜೇಡನ್ ಅಂದರೆ ನಮ್ಮ ಜಯಧನ, ನಮ್ಮ ಊರ ಕಡೆ ಶಾಸನದಲ್ಲೇ ಇದೆ ಎಂದು ಹೇಳಿದ. ಕಾರಿನಲ್ಲಿ ಹೆಂಡತಿ ರುದ್ರವ್ವ ಯಾವ ಶಾಸನ ಎಂದು ಕೇಳಿದಳು. ಅವನು ಕಿಟಕಿಯಾಚೆ ನೋಡಿದ. ಮಾಧುರಿ ಮಾತ್ರ, ಹಳೆಯದೂ ಹೌದು, ನಮ್ಮವರಲ್ಲಿ ಯಾರಿಗೂ ಇಲ್ಲ ಎಂದು ಆ ಹೆಸರು ಬರೆದು ಫ್ರಿಜ್ಜಿಗೆ ಅಂಟಿಸಿದಳು.

ಆದರೆ ಮಾತು ಅವನ ಕೈಮೀರಿ ಓಡಿತ್ತು. ಎರಡು ತಿಂಗಳಲ್ಲಿ, ಕೂಟಕ್ಕೆ ಬರುತ್ತಿದ್ದ ಬೆಂಗಳೂರು ಕಡೆಯ ರಘುನಾಥ ತನ್ನ ಮಗನಿಗೆ ಜೇಡನ್ ಎಂದು ಹೆಸರಿಟ್ಟ. ನಾಮಕರಣಕ್ಕೆ ಬಂದವರಿಗೆಲ್ಲ ಶಾಸನದ ಕಥೆ ಹೇಳಿದ. ಎಲ್ಲಿಂದಲೋ ಒಂದು ಇಸವಿಯನ್ನೂ ಸೇರಿಸಿದ್ದ.

“ಈ ವಿಷಯ ನಿಮಗೆ ಗೊತ್ತಿತ್ತಾ ಸಾರ್?” ಎಂದು ಶೇಖಪ್ಪನನ್ನೇ ಕೇಳಿದ.

ಶೇಖಪ್ಪ ಬಾಯಲ್ಲಿದ್ದ ಲಾಡು ನುಂಗಿ, ಇಲ್ಲ ಅಂದ. ಮರುತಿಂಗಳು ಇನ್ನೊಬ್ಬರ ಮನೆಯಲ್ಲೂ ಅದೇ ಹೆಸರು.

ಮಾಧುರಿ ಫ್ರಿಜ್ಜಿನ ಚೀಟಿ ಕಿತ್ತಳು. “ಮಾವಾರ, ಎಲ್ಲಿ ನೋಡಿದ್ರೂ ಜೇಡನ್ ಆಗ್ಯಾರ. ನಮ್ಮ ಕೂಸಿಗೆ ನಿಮ್ಮ ಹೆಸರ ಫಿಕ್ಸ್.”

ನಿಜ ಹೇಳಿಬಿಡೋಣ ಅನಿಸಿತು. ಆದರೆ ಆಗಲೇ ಎರಡು ತೊಟ್ಟಿಲಲ್ಲಿ ಎರಡು ಜಯಧನ ಮಲಗಿದ್ದವು.

ತೊಟ್ಟಿಲ ಶಾಸ್ತ್ರದ ದಿನ ಶೇಖಪ್ಪನ ಮಗಳು ಸಂಜನಾ ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ‘ಕುರ್ರ್, ಶೇಖಪ್ಪ’ ಅಂದಳು. ಹೆಂಗಸರೆಲ್ಲ ವಾಡಿಕೆಯಂತೆ ಅವಳ ಬೆನ್ನಿಗೆ ದಬದಬ ಗುದ್ದಿದರು. ಶೇಖಪ್ಪ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡ.

ಮೂವತ್ತೈದು ವರ್ಷ ಗಂಡನ ಹೆಸರು ಬಾಯಲ್ಲಿ ತರದ ರುದ್ರವ್ವನಿಗೆ ಮಾತ್ರ ಹಬ್ಬ. ಕೂಸು ಕಣ್ಣುಮುಚ್ಚಿ ಮಲಗಿದ್ದರೂ ಸರಿ, ಗಂಡ ಎದುರಿಗೆ ಕಂಡ ಕೂಡಲೇ ತೊಟ್ಟಿಲ ಕಡೆ ತಿರುಗಿ, “ಶೇಖಪ್ಪಾ, ಸುಳ್ಳ ಹೇಳಬ್ಯಾಡೋ,” ಎಂದು ಗದರಿಸುತ್ತಾಳೆ.