ವಾಪಸು ಬಾರದ ಸಂಖ್ಯೆಗಳು

ಆಯುಧಪೂಜೆಯ ದಿನ ಕಂಪ್ಯೂಟರ್ ಪರದೆಯ ಮುಂದೆ ಕೂರಲು ಒಬ್ಬರು ಬೇಕಿತ್ತು. ನಾನು ಕೂತೆ. ಕುಂಕುಮದ ತಟ್ಟೆ ಹಿಡಿದವರು ನನ್ನ ಹತ್ತಿರ ಬಂದು ತಡವರಿಸುವುದು ತಪ್ಪುತ್ತದೆ. ಗಂಡ ಶ್ರೀಧರ್ ಹೋದ ಮೇಲೆ ಇದು ಎರಡನೆಯ ದಸರಾ.

ದೇವನಹಳ್ಳಿ ದಾಟಿದ ಮೇಲೆ, ಮೊದಲು ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ನಮ್ಮ ಕಚೇರಿ. ಒಳಗಿರುವ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಒಂದು ಆರೋಗ್ಯ ವಿಮೆ ಕಂಪನಿಯದು. ಆಪರೇಷನ್ನಿಗೆ ಮೊದಲು ಆಸ್ಪತ್ರೆಯ ಕೌಂಟರಿನಲ್ಲಿ ‘ಅಪ್ರೂವಲ್ ಬರಲಿ’ ಅನ್ನುತ್ತಾರಲ್ಲ, ಅದು ಬರುವುದು ಇಂಥ ಯಂತ್ರದಿಂದ. ಶ್ರೀಧರನಿಗೆ ಬಂದದ್ದು ಅವನು ಹೋದ ಮರುದಿನ ಬೆಳಿಗ್ಗೆ. ಅದು ಬೇರೆ ಕಂಪನಿ, ಬೇರೆ ಯಂತ್ರ.

ಬೈರೇಶಣ್ಣ ನಮ್ಮ ಹಿರಿಯ ಆಪರೇಟರ್, ಸೂಲಿಬೆಲೆಯವರು. ಹಬ್ಬದ ದಿನ ಯಂತ್ರಕ್ಕೂ ವಿಶ್ರಾಂತಿ ಕೊಡಬೇಕೆಂಬುದು ಅವರು ತಂದ ಪದ್ಧತಿ. ಇಡೀ ಯಂತ್ರ ನಿಲ್ಲಿಸುವಂತಿಲ್ಲ. ಅದಕ್ಕೇ ಒಳಗೆ ಸದಾ ಓಡುವ ಪ್ರೋಗ್ರಾಮುಗಳನ್ನು, ಅಂದರೆ ಸೇವೆಗಳನ್ನು, ಒಂದೊಂದಾಗಿ ನಿಲ್ಲಿಸಿ, ಕನ್ಸೋಲಿನ ಕೀಲಿಮಣೆಗೆ ಅರಿಶಿನ ಹಚ್ಚಿ, ಮತ್ತೆ ಶುರು ಮಾಡುತ್ತಾರೆ.

“ಬೈರೇಶಣ್ಣ, ಈ ಸಲ ಬೇಡ. ಪೂರ್ತಿ ರೀಸ್ಟಾರ್ಟ್ ಮುಂದಕ್ಕೆ ಹಾಕ್ಕೊಂಡೇ ಬಂದಿದಾರೆ. ಕೊಡೋಕೆ ಸಂಖ್ಯೆ ಕಮ್ಮಿ ಉಳಿದಿರ್ಬೋದು,” ಎಂದೆ.

“ಊರಲ್ಲಿ ಟ್ರ್ಯಾಕ್ಟ್ರು, ಪಂಪ್‌ಸೆಟ್ಟು ಎಲ್ಲಾ ಇವತ್ತು ರಜ ಕಣಮ್ಮ. ಇದೊಂದೇನ್ ಪಾಪ ಮಾಡೈತೆ?” ಅವರು ನಕ್ಕರು. “ಐದೇ ನಿಮಿಷ. ಮ್ಯಾನೇಜರ್ ವೆಂಕಟರಮಣಪ್ಪ ಸಾರೇ ಹೂಂ ಅಂದವ್ರೆ.”

ಯಂತ್ರದಲ್ಲಿ ಶುರುವಾಗುವ ಪ್ರತಿ ಕೆಲಸಕ್ಕೂ ಒಂದು ಸಂಖ್ಯೆ ಬೇಕು. ಅವು ಇಷ್ಟೇ ಎಂದು ಮಿತಿಯಿದೆ. ಸಾಧಾರಣ ಕೆಲಸ ಮುಗಿದರೆ ಅದರ ಸಂಖ್ಯೆ ಇನ್ನೊಂದಕ್ಕೆ ಸಿಗುತ್ತದೆ. ಬೇರೆ ಕೆಲಸಗಳು ನೇರವಾಗಿ ಕೈಯಿಟ್ಟು ಬಳಸುವ ಸೇವೆ ನಿಂತರೆ ಮಾತ್ರ ಹಾಗಲ್ಲ. ಉಳಿದವು ಆ ಹಳೆಯ ಸಂಖ್ಯೆಯನ್ನೇ ಹಿಡಿದುಕೊಂಡಿರುತ್ತವೆ. ಅದನ್ನು ಹೊಸಬರಿಗೆ ಕೊಟ್ಟರೆ ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗಿದ ಹಾಗೆ. ಹಾಗಾಗಿ ಯಂತ್ರ ಆ ಸಂಖ್ಯೆಯನ್ನು ಯಾರಿಗೂ ಕೊಡದೆ ಬದಿಗಿಡುತ್ತದೆ, ಪೂರ್ತಿ ರೀಸ್ಟಾರ್ಟ್ ಆಗುವವರೆಗೆ.

ಬೈರೇಶಣ್ಣ ನಿಲ್ಲಿಸುತ್ತ, ಹಚ್ಚುತ್ತ, ಶುರು ಮಾಡುತ್ತ ಹೋದರು. ಒಂದೊಂದು ಸಲವೂ ಒಂದೊಂದು ಸಂಖ್ಯೆ ಸತ್ತಿತು. ಕೊನೆಗೆ ಅಪ್ರೂವಲ್ ಸೇವೆಯನ್ನು ನಿಲ್ಲಿಸಿದರು. ಅದು ನಿಂತಿತು. ಶುರು ಮಾಡಿದರು.

ಪರದೆಯಲ್ಲಿ ಕೆಂಪು ಸಾಲು ಬಂತು. ಕೊಡಲು ಸಂಖ್ಯೆಯಿಲ್ಲ.

ಹೊರಗೆ ಬೂದುಗುಂಬಳ ಒಡೆದ ಸದ್ದು. ಯಾರೋ ಕೇಕೆ ಹಾಕಿದರು.

“ಇನ್ನೊಂದ್ ಸಲ ನೋಡ್ತೀನಿ.” ಬೈರೇಶಣ್ಣನ ಅರಿಶಿನದ ಬೆರಳು ಕೀಲಿಗಳ ಮೇಲೆ ಜಾರುತ್ತಿತ್ತು.

“ಮುಟ್ಬೇಡಿ ಅಣ್ಣ.”

“ಪೂರ್ತಿ ರೀಸ್ಟಾರ್ಟ್ ಮಾಡ್ಬಿಟ್ರೆ?”

“ಗಂಟೆಗಟ್ಲೆ ಹಿಡಿಯುತ್ತೆ.”

ಪಕ್ಕದ ಪರದೆಯಲ್ಲಿ ಬಾಕಿ ಅರ್ಜಿಗಳು ಏರುತ್ತಿದ್ದವು. ಒಂದೊಂದರ ಹಿಂದೆಯೂ ಒಂದು ಕೌಂಟರ್. ಕೌಂಟರಿನ ಮುಂದೆ ಚಪ್ಪಲಿ ಕಾಲಿನಲ್ಲಿ ನಿಂತ ಯಾರೋ. ಶ್ರೀಧರ್ ಹೋದ ಮೇಲೆ ನನಗೆ ಯಾವುದೂ ತಟ್ಟಿರಲಿಲ್ಲ. ಈಗ ಹೆದರಿಕೆಯಾಯಿತು.

ಪೂಜೆಯ ದಿನ ಪರದೆ ಕಪ್ಪಾಗಿರಬಾರದೆಂದು ಎಲ್ಲರೂ ಲಾಗಿನ್ ಮಾಡಿಟ್ಟೇ ಹೊರಗೆ ಹೋಗಿದ್ದರು. ಒಂದೊಂದು ಲಾಗಿನ್ನಿಗೂ ಒಂದು ಸಂಖ್ಯೆ. ಅವು ವಾಪಸು ಬರುವಂಥವು. ಮೊದಲು ಬೈರೇಶಣ್ಣನದನ್ನೇ ಕಿತ್ತೆ. ಬಂದ ಸಂಖ್ಯೆಯನ್ನು ಸಾಲಿನಲ್ಲಿ ಕಾಯುತ್ತಿದ್ದ ಯಾವುದೋ ವರದಿಯ ಕೆಲಸ ಕಸಿದುಕೊಂಡಿತು. ಹೊಸ ಕೆಲಸಗಳಿಗೆಲ್ಲ ತಡೆ ಹಾಕಿದೆ. ಆಮೇಲೆ ಒಬ್ಬೊಬ್ಬರನ್ನೇ ಹೊರಹಾಕಿದೆ.

ವೆಂಕಟರಮಣಪ್ಪನವರು ಕಡಲೆಪುರಿ ಪೊಟ್ಟಣ ಹಿಡಿದು ಒಳಗೆ ಬಂದರು. “ಯಾರಮ್ಮ ನನ್ನ ಲಾಗಿನ್ ಕಿತ್ತಾಕಿದ್ದು? ಬೆಳಗಿಂದ ಮಾಡಿದ್ದು ಸೇವ್ ಆಗಿರ್ಲಿಲ್ಲ!”

“ನಾನು ಸಾರ್.”

“ನಿನಗೆ ಯಾರು ಹೇಳಿದ್ರು?”

ಶುರು ಮಾಡುವ ಆಜ್ಞೆ ಕೊಟ್ಟೆ. ಪರದೆ ಸುಮ್ಮನಿತ್ತು. ವೆಂಕಟರಮಣಪ್ಪನವರು ಕೆಂಪು ಸಾಲನ್ನು ಓದಿ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

ಸೇವೆ ಎದ್ದಿತು.

ಅರ್ಜಿಗಳು ಕರಗತೊಡಗಿದವು. ಬೈರೇಶಣ್ಣ ಗೋಡೆಗೆ ಒರಗಿ “ಅಮ್ಮಾ ತಾಯಿ” ಎಂದರು. ಆಗ ಒಂದು ಅರ್ಜಿ ಮಾತ್ರ ಒಪ್ಪಿಗೆ ಪಡೆಯದೆ ಸಾಲಿನಿಂದ ಹೊರಬಿತ್ತು. ಆಸ್ಪತ್ರೆಯೇ ಹಿಂಪಡೆದಿತ್ತು. ಕಾರಣದ ಜಾಗ ಖಾಲಿ. ರೋಗಿ ಉಳಿಯದಿದ್ದರೂ ಹೀಗೇ ಹಿಂಪಡೆಯುತ್ತಾರೆ.

“ಕೈಯಿಂದ ದುಡ್ಡು ಕಟ್ಟಿರ್ತಾರೆ ಬಿಡು,” ಬೈರೇಶಣ್ಣ ಅಂದರು. “ಇಲ್ಲಾ ಬೇರೆ ಆಸ್ಪತ್ರೆಗೆ ಕರ್ಕೊಂಡೋಗಿರ್ತಾರೆ. ಅಲ್ವಾ ಸಾರ್?”

ವೆಂಕಟರಮಣಪ್ಪನವರು ಪೊಟ್ಟಣವನ್ನು ಮೇಜಿನ ಮೇಲಿಟ್ಟರು.

“ಅಲ್ವಾ ಅಕ್ಷತಾ?” ಬೈರೇಶಣ್ಣ ನನ್ನ ಕಡೆ ತಿರುಗಿದರು.

ಅರ್ಜಿಯಲ್ಲಿ ರೋಗಿಯ ಹೆಸರು ನಮಗೆ ಕಾಣುವುದಿಲ್ಲ. ಆಸ್ಪತ್ರೆಯ ನಂಬರ್ ಕಾಣುತ್ತದೆ. ನಾನು ಫೋನ್ ಎತ್ತಿಕೊಂಡೆ.

“ಮಾಡ್ಬೇಡ ಕಣಮ್ಮ,” ಎಂದು ಬೈರೇಶಣ್ಣ ಮೆಲ್ಲಗೆ ಹೇಳಿದರು. “ತಿಳ್ಕೊಂಡ್ ಏನ್ ಮಾಡ್ತೀಯ?”

ಆ ಕಡೆ ಹುಡುಗಿಯೊಬ್ಬಳು ಎತ್ತಿದಳು. ನಾನು ಅರ್ಜಿಯ ಸಂಖ್ಯೆ ಹೇಳಿದೆ.

“ಆ ಪೇಷೆಂಟ್ ಕಡೆಯವರು ಇನ್ನೂ ಕೌಂಟರ್ ಹತ್ರ ಇದಾರಾ?”

“ಒಂದ್ನಿಮಿಷ ಇರಿ ಮೇಡಂ,” ಅಂದಳು. ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಅವಳು ನಡೆದು ಹೋಗುವುದು ಕೇಳಿಸಿತು.