ಮಜ್ಜಿಗೆಯಲ್ಲಿ ಬೆರೆಸಿದ ಇನ್ಸುಲಿನ್

ತಾರಿಹಾಳದ ಲೇತ್ ವರ್ಕ್‌ಶಾಪುಗಳಲ್ಲಿ ಶಿದ್ದಪ್ಪನಷ್ಟು ಬೈಯುವ ಮಾಲಕ ಇನ್ನೊಬ್ಬನಿರಲಿಲ್ಲ. ಆಳು ಮಷಿನ್ನಿಗೆ ಎಲ್ಲೆಂದರಲ್ಲಿ ಎಣ್ಣೆ ಸುರಿದರೆ ಸಾಕು, "ಎಣ್ಣಿ ಅದರ ತೂತಿನ್ಯಾಗ ಹಾಕಬೇಕಲೇ! ಮ್ಯಾಲ ಅಭಿಷೇಕ ಮಾಡಿದರ ಒಳಗಿನ ಬೇರಿಂಗ್ ಕುಡಿತೈತೇನು?" ಎಂದು ಶೆಡ್ಡು ಹಾರಿಹೋಗುವಂತೆ ಕೂಗುತ್ತಿದ್ದ. ಕಬ್ಬಿಣದ ವಿಷಯದಲ್ಲಿ ಇಷ್ಟು ಶಾಣ್ಯಾ ಆದವನು ಹೆತ್ತ ಮಗಳ ವಿಷಯದಲ್ಲಿ ಅಷ್ಟು ದಡ್ಡನಾದದ್ದು ಹೇಗೆ? ಮರ್ಯಾದೆಗೆ ಅಂಜಿದವನಿಗೆ ಬುದ್ಧಿ ಇದ್ದೂ ಇಲ್ಲದಂತೆ, ಅಷ್ಟೇ.

೧೯೯೮ರ ಶುರುವಿನಲ್ಲಿ ಮಗಳು ವಿದ್ಯಾ ಸೊರಗಿ ಕಡ್ಡಿಯಾದಳು. ಪಿಯುಸಿ ಓದುತ್ತಿದ್ದ ಹುಡುಗಿ. ಎಷ್ಟು ನೀರು ಕುಡಿದರೂ ಅವಳ ದಾಹ ಹಿಂಗುತ್ತಿರಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಸುಹಾಸಿನಿ ರಕ್ತ ನೋಡಿ, ಇದು ಸಕ್ಕರೆ ಕಾಯಿಲೆ, ಗುಳಿಗೆಗೆ ಬಗ್ಗುವಂಥದ್ದಲ್ಲ, ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಬಿಟ್ಟರೆ ಜೀವಕ್ಕೇ ಅಪಾಯ ಎಂದರು. ತಾಯಿ ಹೊಳೆವ್ವ ಅಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಶಿದ್ದಪ್ಪ ಕೇಳಿದ್ದು ಒಂದೇ ಮಾತು.

"ಇದು ಹೊರಗ ಯಾರಿಗೂ ಗೊತ್ತಾಗಂಗಿಲ್ಲಲ್ರಿ?"

ಕಾರಣವಿತ್ತು. ರಾಯಾಪುರದಲ್ಲಿದ್ದ ಅವನ ಅಕ್ಕ ಶೇವಂತೆವ್ವ, ವಿದ್ಯಾ ತೊಟ್ಟಿಲಲ್ಲಿದ್ದಾಗಲೇ "ಈಕಿ ನನ್ನ ಸೊಸಿ" ಎಂದು ಕೆನ್ನೆ ಹಿಂಡಿದ್ದಳು. ಅವಳ ಸಣ್ಣ ಮಗ ಮಾಲತೇಶನಿಗೆ ಕೊಡುವುದೆಂದು ಮಾತು. ಸೂಜಿ ಚುಚ್ಚಿಕೊಳ್ಳುವ ಸೊಸೆಯನ್ನು ಯಾರು ತಂದುಕೊಳ್ಳುತ್ತಾರೆ ಎಂಬುದು ಶಿದ್ದಪ್ಪನ ಲೆಕ್ಕ. ಹಾಗಾಗಿ ಔಷಧದ ಬಾಟಲಿ ಅಡುಗೆಮನೆಯ ಮೂಲೆಯಲ್ಲಿ, ತಣ್ಣಗಿರಲೆಂದು ನೀರಿಟ್ಟ ಮಣ್ಣಿನ ಗಡಿಗೆಯನ್ನು ಸೇರಿತು. ಸೂಜಿ ಹಿಡಿಯುವ ಮೊದಲು ಬಾಗಿಲು ಹಾಕಬೇಕು, ಯಾರಾದರೂ ಬಂದರೆ ಲಗೂನೆ ಮುಚ್ಚಿಡಬೇಕು ಎಂದು ಮಗಳಿಗೆ ಕಲಿಸಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಆ ಮನೆಯವರು ದಿನ ದೂಡಿದರು. ಆದರೂ ಔಷಧ ಸರಿಯಾಗಿ ಹೋಗುತ್ತಿತ್ತು, ಹುಡುಗಿ ಮೈ ತುಂಬಿಕೊಂಡಳು.

ಬೇಸಿಗೆಯಲ್ಲಿ ಶೇವಂತೆವ್ವನ ಹಿರಿಯ ಮಗನ ಮದುವೆ ಬಂತು. ಹಿಂದಿನ ದಿನವೇ ಹೋಗದಿದ್ದರೆ ಅಕ್ಕ ಸುಮ್ಮನಿರುವವಳಲ್ಲ. ರಾಯಾಪುರದ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರೆಲ್ಲ ಒಂದೇ ಕೋಣೆಯಲ್ಲಿ, ಬಚ್ಚಲಿನ ಮುಂದೆ ಸಾಲು. ಸಂಜೆ ಊಟದ ಹೊತ್ತಿಗೆ ಹೊಳೆವ್ವ ಗಂಡನನ್ನು ಹಿತ್ತಲಿಗೆ ಕರೆದಳು.

"ಎಲ್ಲೆ ಚುಚ್ಚಲಿರಿ? ಕಾಲಕಾಲಿಗೆ ಮಂದಿ ಅದಾರ."

ಶಿದ್ದಪ್ಪ ತಲೆ ಕೆರೆದುಕೊಂಡ. "ಮಜ್ಜಿಗ್ಯಾಗ ಹಾಕಿ ಕುಡಿಸು. ಕೈಯಾಗಿಂದ ಹೋದರೇನು, ಬಾಯಾಗಿಂದ ಹೋದರೇನು, ಮೈಯಾಗ ಹೋದರ ಆತು."

"ಡಾಕ್ಟರ್‌ಬಾಯಾರು ಚುಚ್ಚಬೇಕಂದಾರಲ್ರಿ..."

"ಎರಡು ದಿನದ ಮಾತ. ನನ್ನ ಮರ್ಯಾದಿ ಕಳೀಬ್ಯಾಡ."

ಅವಳು ಹಿಂದೆಮುಂದೆ ನೋಡಿದ್ದು ಕಂಡು ಲೋಟ ತಾನೇ ಇಸಿದುಕೊಂಡ. ಔಷಧ ಬೆರೆಸಿ ತಾನೇ ಮಗಳಿಗೆ ಕುಡಿಸಿದ. ವಿದ್ಯಾ ಒಂದೇ ಗುಟುಕಿಗೆ ಕುಡಿದಳು. ಅಪ್ಪ ಅಂದಮೇಲೆ ಖರೇನೇ ಇರಬೇಕು.

ಮರುದಿನ ಬೆಳಿಗ್ಗೆಯೂ ಅದೇ ಮಜ್ಜಿಗೆ. ಮೇಲೆ ಅತ್ತೆ ಪ್ರೀತಿಯಿಂದ ಬಡಿಸಿದ ಗೋಧಿ ಹುಗ್ಗಿ. ಮಧ್ಯಾಹ್ನ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಹುಡುಗಿ ವಾಂತಿ ಮಾಡಿಕೊಂಡಳು. ಕಂಬಕ್ಕೆ ಒರಗಿದವಳು ಏದುಸಿರು ಬಿಡತೊಡಗಿದಳು, ಕರೆದರೆ ಅರ್ಧ ಕಣ್ಣು ತೆರೆದಳು.

"ನನ್ನ ಸೊಸಿಗೆ ಯಾರ ಕಣ್ಣ ಬಿತ್ತವ್ವಾ!" ಎಂದು ಶೇವಂತೆವ್ವ ಮದುವೆಯ ಕೆಲಸವನ್ನೆಲ್ಲ ಬಿಟ್ಟು ಓಡಿಬಂದಳು. ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಒಲೆಗೆ ಹಾಕಿದಳು. ಶಿದ್ದಪ್ಪ ಎದುರಿಗೇ ನಿಂತಿದ್ದ. ಅದು ಯಾರ ಕಣ್ಣೂ ಅಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಬಾಯಿಂದ ಬಂದದ್ದು, "ಬಿಸಲಿಗೆ ಹಂಗಾಗೈತಿ ಅಕ್ಕಾ, ತುಸು ಮಲಗಿಸಿದರ ಆರಾಮಾಗ್ತಾಳ." ಆ ಮಾತಿಗೆ ಅವನಿಗೇ ಅಸಹ್ಯವಾಯಿತು. ಆದರೂ ನುಂಗಿಕೊಂಡು ನಿಂತ.

ಹೊಳೆವ್ವನಿಗೆ ತಡೆಯಲಾಗಲಿಲ್ಲ. ಜನ್ಮದಲ್ಲಿ ಗಂಡನ ಮಾತು ಮೀರದವಳು ಹಂದರದ ನಡುವೆ ನಿಂತು ಚೀರಿದಳು. "ಬಿಸಲಲ್ಲ, ದೃಷ್ಟಿ ಅಲ್ಲ! ನನ್ನ ಮಗಳಿಗೆ ಸಕ್ಕರಿ ಬ್ಯಾನಿ ಐತಿ! ಯಾರರೆ ದವಾಖಾನಿಗೆ ಒಯ್ರಿ!"

ವಾಲಗ ನಿಂತಿತು. ಬೀಗರೆಲ್ಲ ತಿರುಗಿ ನೋಡಿದರು. ನೆಲ ಬಾಯಿಬಿಟ್ಟರೆ ಇಳಿದುಹೋಗುವೆ ಅನ್ನಿಸಿತು ಶಿದ್ದಪ್ಪನಿಗೆ. ಶೇವಂತೆವ್ವ ಮಾತ್ರ ತಮ್ಮನ ಮುಖ ನೋಡುತ್ತ ನಿಲ್ಲಲಿಲ್ಲ. "ಮದಿಮಗನ ಕಾರ್ ತಗೋರಿ, ಲಗೂ!" ಎಂದಳು. ಹೂವಿನ ಸರ ಕಟ್ಟಿದ ಕಾರಿನಲ್ಲಿ, ಪ್ರಜ್ಞೆಯಿಲ್ಲದ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶಿದ್ದಪ್ಪ ಹುಬ್ಬಳ್ಳಿಗೆ ಹೋದ. ದಾರಿಯಲ್ಲಿ ಜನ ಮದುವೆ ಕಾರೆಂದು ನಕ್ಕು ದಾರಿ ಬಿಟ್ಟರು.

ರಾತ್ರಿಯೆಲ್ಲ ಸಲೈನು, ಇನ್ಸುಲಿನ್ನು. ಬೆಳಿಗ್ಗೆ ಹುಡುಗಿ "ಅವ್ವಾ" ಅಂದಳು. ಆಗ ಡಾಕ್ಟರ್ ಸುಹಾಸಿನಿ ಶಿದ್ದಪ್ಪನನ್ನು ಕೂರಿಸಿಕೊಂಡು ಕೇಳಿದರು, ಔಷಧಿ ಬಿಟ್ಟಿದ್ದಳೇನು ಎಂದು. ಇಲ್ಲ, ಮಜ್ಜಿಗೆಯಲ್ಲಿ ಕುಡಿಸಿದ್ದೆ ಎಂದು ಅವನು ನೆಲ ನೋಡುತ್ತ ಹೇಳಿದ. ಅವರು ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡರು.

"ಶಿದ್ದಪ್ಪನವರ, ಇನ್ಸುಲಿನ್ ಅಂದ್ರ ಪೆಪ್ಟೈಡ್ ಜಾತಿಯ ಔಷಧ ಅದ. ಮಣಿ ಪೋಣಿಸಿದ ಸರ ಅಂತ ತಿಳೀರಿ. ನಾವು ತಿನ್ನೋ ಬ್ಯಾಳಿಯೊಳಗ ಇರೋದೂ ಅಂಥಾ ಸರಾನ. ಹೊಟ್ಟಿಗೆ ಅದೂ ಒಂದ, ಇದೂ ಒಂದ. ಸರ ಕಡದು ಅರಗಿಸಿಬಿಡ್ತದ. ಹರಿದ ಸರ ಏನು ಕೆಲಸ ಮಾಡಬೇಕು? ಅದಕ್ಕ ಚರ್ಮದ ಕೆಳಗ ಚುಚ್ಚೋದು. ನೀವು ಕುಡಿಸಿದ್ದು ಬರೇ ಮಜ್ಜಿಗಿ."

ಎಣ್ಣಿ ಅದರ ತೂತಿನ್ಯಾಗ ಹಾಕಬೇಕಲೇ. ತನ್ನದೇ ಧ್ವನಿ ಕಿವಿಯಲ್ಲಿ ಕೂಗಿತು. ಗ್ರೀಸಿನ ಕಪ್ಪು ಉಗುರುಗಳನ್ನು ಅವನು ಮುಷ್ಟಿಯೊಳಗೆ ಅಡಗಿಸಿಕೊಂಡ.

ಮಧ್ಯಾಹ್ನ ವಿದ್ಯಾಳನ್ನು ದೊಡ್ಡ ವಾರ್ಡಿಗೆ ತಂದರು. ಸಿಸ್ಟರ್ ಔಷಧ ತುಂಬಿದ ಸಿರಿಂಜನ್ನು ಕೈಗೆ ಕೊಟ್ಟು ಅತ್ತ ಹೋಗಿದ್ದಳು. ಅಷ್ಟರಲ್ಲಿ ಮದುವೆಯ ಸೀರೆಯಲ್ಲೇ ಶೇವಂತೆವ್ವ ಬಂದಳು. ಅವಳು ಕಂಡದ್ದೇ ತಡ, ವಿದ್ಯಾ ಸಿರಿಂಜನ್ನು ಚಾದರದ ಕೆಳಗೆ ತಳ್ಳಿದಳು. ಊರಿಗೆಲ್ಲ ಗೊತ್ತಾದ ಮೇಲೂ ತಳ್ಳಿದಳು.

"ಯಾಕ ಮುಚ್ಚಿದಿ ನನ್ನವ್ವಾ? ನಾ ಹೊರಗಿನಾಕ್ಯೇನು?"

ವಿದ್ಯಾ ಅಪ್ಪನ ಕಡೆ ನೋಡಿದಳು, ಹೇಳಲೋ ಬೇಡವೋ ಎಂದು ಅಪ್ಪಣೆ ಕೇಳುವಂತೆ. ಆ ನೋಟ ಶಿದ್ದಪ್ಪನಿಗೆ ಹಂದರದ ಸಾವಿರ ಕಣ್ಣಿಗಿಂತ ಭಾರವಾಯಿತು.

"ಅಕ್ಕಾ, ಆಕೀದೇನು ತಪ್ಪಿಲ್ಲ. ಚುಚ್ಚೋ ಔಷಧ ಮಜ್ಜಿಗ್ಯಾಗ ಹಾಕಿ ಕುಡಿಸಿದಾಂವ ನಾನ. ನಿನಗ ಗೊತ್ತಾಗಬಾರದಂತ."

ಶೇವಂತೆವ್ವ ಮಂಚದ ತುದಿಗೆ ಕುಸಿದು ಕೂತಳು. "ನನಗ ಅಂಜಿ ಕೂಸಿನ ಜೀವಾ ಪಣಕ್ಕ ಇಟ್ಟೆಲ್ಲೋ ತಮ್ಮಾ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಅಳುತ್ತಿದ್ದಳು.

ಶಿದ್ದಪ್ಪ ಮಗಳ ತಲೆ ಸವರಿದ. "ತಗಿ, ಮಗಾ. ಚುಚ್ಚಿಕೋ. ಇನ್ನ ಯಾರಿಗೂ ಅಂಜಬ್ಯಾಡ."

ವಿದ್ಯಾ ಚಾದರದ ಕೆಳಗೇ ಕೈ ಬಿಗಿಹಿಡಿದುಕೊಂಡು, ಸಣ್ಣ ದನಿಯಲ್ಲಿ ಹೇಳಿದಳು: "ಮೊದಲ ಬಾಗಲಾ ಹಾಕಪಾ."

ಸಾಲು ಮಂಚಗಳ ಆ ವಾರ್ಡಿನಲ್ಲಿ ಹಾಕುವುದಕ್ಕೆ ಬಾಗಿಲೇ ಇರಲಿಲ್ಲ. ಶಿದ್ದಪ್ಪ ಮಗಳ ಎದುರಿಗೆ ತಲೆ ತಗ್ಗಿಸಿ ನಿಂತೇ ಇದ್ದ.