ಬಾಗಳಿಯ ತಂಗಿ

"ಅತ್ಲಾಗ ಸರೀಲೇ ಲೌಡಿ! ಕೇರ್ಯಾಕಿ ಕೈಯಾಗಿನ ನುಚ್ಚು ನಾ ಉಣ್ಲೇನು?"

ಮಾಘದ ಬಿಸಿಲು ಚುರುಗುಟ್ಟತೊಡಗಿತ್ತು. ಕೊಟ್ಟೂರಿನಾಚೆಯ ಆ ಹಳ್ಳಿಯಲ್ಲಿ, ಪಂಚಾಕ್ಷರಪ್ಪನ ಅಂಗಳದ ತುಂಬ ಹೆಣ್ಣಾಳುಗಳು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಒಳಗಿನ ಮುದುಕಿಯ ಬೈಗುಳಕ್ಕೆ ಯಾರೂ ತಲೆ ಎತ್ತಲಿಲ್ಲ. ಪಂಚಾಕ್ಷರಪ್ಪನ ತಾಯಿ ಕಲ್ಯಾಣಮ್ಮ ಮಗನ ಹೆಸರು ಮರೆತು ಎರಡು ವರ್ಷ, ಗಂಡ ಸತ್ತದ್ದನ್ನು ಮರೆತು ಒಂದು ವರ್ಷ. ಕೇರಿಯವರು ಯಾರೆಂಬುದನ್ನು ಮಾತ್ರ ಮರೆತಿರಲಿಲ್ಲ.

ಅವಳ ಹೇಲುಚ್ಚೆ ಬಳಿಯಲು ಮನೆಯವರು ಇಟ್ಟುಕೊಂಡದ್ದು ಊರಾಚೆಯ ಕೇರಿಯ ಅಂಜಿನಕ್ಕನನ್ನು. ಬಳಿಯುವುದಕ್ಕೆ ಮುದುಕಿಯ ತಕರಾರಿರಲಿಲ್ಲ. ಉಣಿಸಲು ಬಂದರೆ ಬಾಯಿ ಬಿಗಿಯುತ್ತಿದ್ದಳು. ಮೊದಲ ಮೂರು ದಿನ ಹಾಗೇ ಉಪವಾಸ ಬಿದ್ದಾಗ ಅಂಜಿನಕ್ಕನೇ ಒಂದು ದಾರಿ ಕಂಡುಕೊಂಡಿದ್ದಳು. ಈಗಲೂ ಅದನ್ನೇ ಮಾಡಿದಳು. ಹೊರಗೆ ಹೋಗಿ, ಗೂಡಿನ ವಿಭೂತಿ ಹಣೆಗೆ ಎಳೆದುಕೊಂಡು, ತಲೆ ಮೇಲೆ ಸೆರಗು ಹೊದ್ದು ಮತ್ತೆ ಒಳಗೆ ಬಂದಳು.

"ಯಕ್ಕಾ, ನಾನು ಶಿವಗಂಗಿ. ಬಾಗಳಿಯಿಂದ ಬಂದೀನಿ."

ಇಪ್ಪತ್ತು ವರ್ಷದ ಹಿಂದೆ ಸತ್ತ ತಂಗಿಯನ್ನು ಕಂಡು ಮುದುಕಿಯ ಮುಖ ಅರಳಿತು.

"ಬಸ್ಸಿನ್ಯಾಗ ಸೀಟು ಸಿಕ್ತೇನ? ಆ ಕೇರ್ಯಾಕಿ ಹೋದ್ಲಾ?"

"ಓಡಿಸೀನಿ. ಬಾಯಿ ತಗಿ."

ಸೊಸೆಗೆ ಇದು ಗೊತ್ತಿತ್ತು. ತಾನು ಉಣಿಸುವುದು ತಪ್ಪಿತಲ್ಲ ಎಂದು ಗಂಡನಿಗೆ ಹೇಳಿರಲಿಲ್ಲ.

ಎರಡು ತುತ್ತು ಇಳಿದಿತ್ತು, ಅಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು. ಯಾರೋ ಹಿರಿಯರ ಸಹಾಯವಾಣಿಗೆ ಫೋನು ಮಾಡಿದ್ದರಂತೆ. ಅಧಿಕಾರಿ ಪುಷ್ಪಲತಾ ಮೇಡಂ ಕೈಯಲ್ಲಿ ಹೊಸ ಕೈಪಿಡಿ: 'ಹಿರಿಯರ ಮೇಲಿನ ದೌರ್ಜನ್ಯ ಮತ್ತು ಮರೆವಿನ ಕಾಯಿಲೆ: ವೃತ್ತಿಪರರಿಗಾಗಿ'. ಅಂಜಿನಕ್ಕ ಗಡಬಡಿಸಿ ಹಣೆ ಒರೆಸಿಕೊಂಡು ಮೂಲೆಗೆ ಸರಿದಳು. ಪಂಚಾಕ್ಷರಪ್ಪ ಕುರ್ಚಿ ಹಾಕಿಸಿ, ಮಂಡಕ್ಕಿ ಮಿರ್ಚಿ ತರಿಸಿದ.

ಮೇಡಂ ಮುದುಕಿಯ ಕೈ ಎತ್ತಿ ನೋಡಿದಳು. ಮಣಿಕಟ್ಟಿನ ಸುತ್ತ ಕಂದಿತ್ತು.

"ಇದೇನ್ರಿ?"

"ಈಕೀದ ಮೇಡಂ, ಕೆಲಸದಾಕೀದು. ಬಿರುಸು ಕೈ. ಇವಕ್ಕೇನು ತಿಳವಳಿಕಿ ಐತ್ರಿ?" ಪಂಚಾಕ್ಷರಪ್ಪ ಮೂಲೆಯತ್ತ ಕೈ ತೋರಿಸಿದ.

ಅಂಜಿನಕ್ಕ ಸಂಜೆ ಮನೆಗೆ ಹೋದ ಮೇಲೆ ತಾಯಿಯನ್ನು ಮಂಚಕ್ಕೆ ಕಟ್ಟುವವನು ಪಂಚಾಕ್ಷರಪ್ಪನೇ. ಬೆಳಿಗ್ಗೆ ಬಿಚ್ಚುವವಳು ಇವಳು.

"ಸಾವ್ಕಾರ್ರ, ಹಗ್ಗ ಮಂಚದ ಬುಡಕ ಐತಿ. ಮೇಡಮ್ಮಾರ್ಗೆ ತೋರಸ್ಲೇನು?"

"ಬಾಯಿ ಮುಚ್ಚಲೇ!"

ಕೈಪಿಡಿಯಲ್ಲಿ ಹಗ್ಗದ ಬಗ್ಗೆ ಅರ್ಧ ಪುಟವೇ ಇತ್ತು. ಆದರೆ ಮಿರ್ಚಿ ಬಿಸಿಯಾಗಿತ್ತು. ಮೇಡಂ 'ಕೆಲಸದವಳ ಅಜಾಗರೂಕತೆ' ಎಂದು ಬರೆದು ಕಾಗದ ಚಾಚಿದಳು.

"ಈ ಸಲ ಬರೀ ಎಚ್ಚರಿಕೆ. ಮುಂದಿನ ಸಲ ಪೊಲೀಸ್ ಕೇಸು. ಒತ್ತಮ್ಮಾ ಹೆಬ್ಬೆಟ್ಟು."

ಅಂಜಿನಕ್ಕ ಕೈ ಮುಂದೆ ಮಾಡಲಿಲ್ಲ.

ಮಂಚದ ಮೇಲಿಂದ ಮುದುಕಿ ಅಳುವ ದನಿಯಲ್ಲಿ ಅಂದಳು, "ಶಿವಗಂಗಿ ಎಲ್ಲಿ ಹೋದ್ಲು? ಈಗ ಉಣಸಾಕತ್ತಿದ್ಲು. ಆಕಿ ಹಣಿ ತುಂಬ ವಿಭೂತಿ..."

ಅಂಜಿನಕ್ಕನ ಹಣೆಯ ಬದಿಯಲ್ಲಿ ಬಿಳಿ ಇನ್ನೂ ಉಳಿದಿತ್ತು. ಪಂಚಾಕ್ಷರಪ್ಪ ನೋಡಿಬಿಟ್ಟ.

"ನಮ್ಮ ಚಿಗವ್ವನ ಹೆಸ್ರು! ನಮ್ಮ ದೇವ್ರ ವಿಭೂತಿ! ನಮ್ಮವ್ವನ ಕುಲ ಕೆಡಿಸಿದ್ಯಲ್ಲಲೇ ರಂಡಿ!"

ಮೇಡಂ ಪುಟ ತಿರುವಿ ಮೆಲ್ಲಗೆ ಓದಿದಳು, "'ರೋಗಿಯ ನಂಬಿಕೆಯನ್ನು ಅಲ್ಲಗಳೆಯಬೇಡಿ...' ಹಂಗೇ ಮಾಡ್ಬೇಕು ಅಂತ ಇದೆಯಲ್ಲ ಇದ್ರಲ್ಲಿ."

"ಕೇರ್ಯಾಕಿ ಮಾಡ್ಬೇಕು ಅಂತ ಐತೇನ್ರಿ?"

ಮೇಡಂ ಮತ್ತೆ ಹುಡುಕಿದಳು. ಹಾಗೇನೂ ಇರಲಿಲ್ಲ.

ಅಂಜಿನಕ್ಕ ಉಳಿದ ವಿಭೂತಿಯನ್ನೂ ಸೆರಗಿನಿಂದ ಒರೆಸಿ, ನುಚ್ಚಿನ ತಟ್ಟೆ ಪಂಚಾಕ್ಷರಪ್ಪನ ಕೈಗಿಟ್ಟಳು.

"ಹಂಗಾರ ನೀವ ಉಣಸ್ರಿ. ಕುಲ ಉಳೀತೈತಿ."

ಮೇಡಂ ನೋಡುತ್ತಿದ್ದಳು. ಅವನು ಮಂಚದ ಅಂಚಿಗೆ ಕೂತು ತುತ್ತು ಮಾಡಿದ.

"ಯವ್ವಾ, ನಾನು ಪಂಚಾಕ್ಷರಿ."

"ಯಾವನಲೇ ನೀನು? ಕೈ ಕಟ್ಟಾಂವ ನೀನ ಅಲ್ಲೇನು?"

ಮುದುಕಿ ಗೋಡೆಗೆ ಮುಖ ತಿರುಗಿಸಿದಳು. ಮೇಡಂ ತಾನು ಬರೆದ ಸಾಲನ್ನೇ ನೋಡುತ್ತ ಕೂತಳು. ಪಂಚಾಕ್ಷರಪ್ಪ ತಟ್ಟೆ ಕೆಳಗಿಟ್ಟು, ಅಂಜಿನಕ್ಕನ ಕಡೆ ನೋಡದೆಯೇ ಅಂದ, "ಇದೊಂದ್ಸಲ ಹಚ್ಕೊಂಡು ಬಾ."

"ಮೊದ್ಲು ಆ ಕಾಗದದಾಗ ಹಗ್ಗ ಯಾರು ಬಿಗೀತಾರ ಅಂತ ಬರಸ್ರಿ. ರುಜು ನೀವ ಹಾಕ್ರಿ." ಅಂಜಿನಕ್ಕ ಹೊಸ್ತಿಲ ಮೇಲೆ ಕೂತಳು. "ಆಮ್ಯಾಲ ಬಾಗಳಿ ಬಸ್ಸು ಬರ್ತೈತಿ."